ಆಕಾಶದಲ್ಲಿ ಹೊಳೆಯುವ ಆ ಚುಕ್ಕಿ ಹಾರುವ ತಟ್ಟೆಯೋ, ತೇಲಿ ಬಂದ ಬಲೂನೋ? ತೋಟದಲ್ಲಿ ಬಿದ್ದರೆ ಏನು ಮಾಡಬೇಕು?

ಕೊಪ್ಪ: ಸಂಜೆ ಆರೂವರೆ ಹೊತ್ತು. ಅಂಗಡಿ ಮುಂದೆ ನಿಂತವರೊಬ್ಬರು ಪಡುವಣ ಗುಡ್ಡದ ಮೇಲೆ ಕೈ ತೋರಿಸ್ತಾರೆ. ‘ಏನ್ ಮಾರಾಯ್ರೆ ಅದು? ನಕ್ಷತ್ರನೂ ಅಲ್ಲ, ವಿಮಾನನೂ ಅಲ್ಲ!’ ಐದು ನಿಮಿಷಕ್ಕೆ ಹತ್ತು ಮೊಬೈಲ್ ಮೇಲೆದ್ದಿರುತ್ತವೆ. ಕಾಲು ಗಂಟೆಯಲ್ಲಿ ವಿಡಿಯೊ ಶೃಂಗೇರಿ ಗ್ರೂಪಿಗೆ ಹೋಗಿ, ಎನ್.ಆರ್.ಪುರದಿಂದ ‘ನಮ್ಮಲ್ಲೂ ಕಾಣ್ತಿದೆ’ ಅಂತ ಉತ್ತರ ಬಂದಿರುತ್ತೆ. ರಾತ್ರಿ ಊಟದ ಹೊತ್ತಿಗೆ ಅದು ಹಾರುವ ತಟ್ಟೆ, ಇಲ್ಲವೇ ಯಾರದೋ ಗೂಢಚಾರಿ ಡ್ರೋನ್.

ಇಂಥ ಬೆಳಕುಗಳಿಗೆಲ್ಲ ಒಂದೇ ಕಾರಣ ಅಂತ ಹೇಳಲಾಗದು. ಆದರೆ ನಿಧಾನವಾಗಿ ಚಲಿಸುವ, ಸದ್ದಿಲ್ಲದ, ಸೂರ್ಯ ಮುಳುಗಿದ ಮೇಲೂ ಹೊಳೆಯುವ ಚುಕ್ಕಿಯಾದರೆ ಮೊದಲು ಅನುಮಾನಿಸಬೇಕಾದ್ದು ಬಲೂನನ್ನೇ. ಅದು ಎಲ್ಲಿಂದ ಬರುತ್ತೆ, ಯಾಕೆ ಹಾಗೆ ಕಾಣುತ್ತೆ ಅನ್ನುವುದಕ್ಕೆ ಗಡಿಯಾರ ಮತ್ತು ಕರೆಂಟ್ ಕಂಬ ಇದ್ದರೆ ಅರ್ಧ ಉತ್ತರ ಸಿಕ್ಕ ಹಾಗೆ. ಇನ್ನರ್ಧ ಮುಖ್ಯ: ಮೇಲಿದ್ದಾಗ ಯಾರಿಗೂ ತೊಂದರೆ ಕೊಡದ ಈ ವಸ್ತು, ಕೆಳಗೆ ಬಿದ್ದಾಗ ನಾವು ನಡೆದುಕೊಳ್ಳುವ ರೀತಿಯಿಂದ ಅಪಾಯ ತರಬಹುದು.

ಪಣಂಬೂರಿನಿಂದ ಶೃಂಗೇರಿ ಎಷ್ಟು ದೂರ?

ರಸ್ತೆಯಲ್ಲಿ ಹೋದರೆ ಘಾಟಿ ಸುತ್ತಿಕೊಂಡು ಅರ್ಧ ದಿನ. ಆಕಾಶದಲ್ಲಿ ಮಾತ್ರ ಹತ್ತಿರ. ಮಂಗಳೂರಿನ ಪಣಂಬೂರಿನಿಂದ ಶೃಂಗೇರಿಗೆ ನೇರ ಗೆರೆಯಲ್ಲಿ ಸುಮಾರು 70 ಕಿ.ಮೀ., ಕೊಪ್ಪಕ್ಕೆ 85, ಎನ್.ಆರ್.ಪುರಕ್ಕೆ 100ರ ಆಸುಪಾಸು. ಪಣಂಬೂರಿನಲ್ಲಿ ಭಾರತೀಯ ಹವಾಮಾನ ಇಲಾಖೆಯ ಬಲೂನ್ ಹಾರಿಸುವ ಕೇಂದ್ರ ಇದೆ. ರಾಜ್ಯದಲ್ಲಿ ಇಂಥದ್ದೇ ಇನ್ನೊಂದು ಬೆಂಗಳೂರಿನಲ್ಲಿದೆ. ದೇಶದಲ್ಲಿ ಐವತ್ತಕ್ಕೂ ಹೆಚ್ಚು ಕೇಂದ್ರಗಳಿವೆ, ಜಗತ್ತಿನಲ್ಲಿ ಸುಮಾರು 900.

ಇವುಗಳ ಗಡಿಯಾರ ಎಲ್ಲ ಕಡೆ ಒಂದೇ. ಅಂತಾರಾಷ್ಟ್ರೀಯ ಸಮಯ ಸೊನ್ನೆ ಗಂಟೆ ಮತ್ತು ಹನ್ನೆರಡು ಗಂಟೆಯ ಲೆಕ್ಕಕ್ಕೆ ಗಾಳಿಯ ವಿವರ ಸಿಗಬೇಕು. ನಮ್ಮ ಲೆಕ್ಕದಲ್ಲಿ ಅದು ಬೆಳಿಗ್ಗೆ 5.30 ಮತ್ತು ಸಂಜೆ 5.30. ಹಾಗಾಗಿ ಅದಕ್ಕಿಂತ ಸ್ವಲ್ಪ ಮೊದಲೇ ಬಲೂನ್ ಬಿಡುತ್ತಾರೆ. ತೆಳುವಾದ ರಬ್ಬರಿನ ಚೀಲ, ಒಳಗೆ ಹೈಡ್ರೋಜನ್. ಕೆಳಗೆ ಉದ್ದನೆ ದಾರದ ತುದಿಗೆ ರೇಡಿಯೊಸಾಂಡ್ ಎಂಬ ಪುಟ್ಟ ಪೆಟ್ಟಿಗೆ. ಇದು ಮೇಲೇರುತ್ತಾ ತಾಪಮಾನ, ತೇವಾಂಶ, ಒತ್ತಡ ಅಳೆದು ರೇಡಿಯೊ ಮೂಲಕ ಕೆಳಗೆ ಕಳಿಸುತ್ತೆ. ಗಾಳಿ ಬಲೂನನ್ನು ಎಷ್ಟು ದೂರ ಎಳೆಯಿತು ಅನ್ನುವುದರಿಂದ ಗಾಳಿಯ ವೇಗ, ದಿಕ್ಕು ಗೊತ್ತಾಗುತ್ತೆ. ನಾಳೆ ಮಳೆ ಬರುತ್ತಾ, ಅಡಿಕೆ ಅಂಗಳಕ್ಕೆ ಹರವಬಹುದಾ ಅಂತ ನಾವು ಮೊಬೈಲಿನಲ್ಲಿ ನೋಡುವ ಮುನ್ಸೂಚನೆಗೆ ಈ ಬಲೂನುಗಳ ಲೆಕ್ಕವೂ ಸೇರಿರುತ್ತೆ.

ನಿಮಿಷಕ್ಕೆ ಸುಮಾರು 300 ಮೀಟರ್ ಏರುತ್ತೆ ಅಂದುಕೊಂಡರೆ 30 ಕಿ.ಮೀ. ತಲುಪಲು ಒಂದು ಗಂಟೆ ನಲವತ್ತು ನಿಮಿಷ ಬೇಕು. ಸಂಜೆ ಐದಕ್ಕೆ ಬಿಟ್ಟದ್ದು ಆರು ನಲವತ್ತರ ಸುಮಾರಿಗೆ ಅಷ್ಟು ಎತ್ತರದಲ್ಲಿರುತ್ತೆ. ಬಿಡುವಾಗ ಆಳೆತ್ತರದಷ್ಟಿದ್ದ ಬಲೂನ್, ಮೇಲೆ ಗಾಳಿಯ ಒತ್ತಡ ಕಡಿಮೆಯಾದಂತೆ ಉಬ್ಬಿ ಆರೇಳು ಮೀಟರ್ ಅಗಲ ಆಗುತ್ತೆ. ಅಂದರೆ ಒಂದು ಸಣ್ಣ ಮನೆಯಷ್ಟು! ಆಮೇಲೆ ತಡೆಯಲಾರದೆ ಒಡೆಯುತ್ತೆ.

ಈಗ ಸೂರ್ಯನ ಕಡೆ ಬರೋಣ. ಜನವರಿಯಲ್ಲಿ ನಮ್ಮ ಕಡೆ ಸೂರ್ಯ ಮುಳುಗುವುದು ಸುಮಾರು ಆರು ಇಪ್ಪತ್ತಕ್ಕೆ. ನೆಲದ ಮೇಲೆ ಕತ್ತಲು ಕವಿಯುತ್ತಾ ಬಂದರೂ 30 ಕಿ.ಮೀ. ಎತ್ತರದಲ್ಲಿರುವ ವಸ್ತುವಿಗೆ ಇನ್ನೂ 20ರಿಂದ 25 ನಿಮಿಷ ಬಿಸಿಲು ಸಿಗುತ್ತೆ. ನರಸಿಂಹ ಪರ್ವತದ ತುದಿಯಲ್ಲಿ ನಿಂತವರಿಗೆ ಕಿಗ್ಗಾದವರಿಗಿಂತ ಸ್ವಲ್ಪ ಹೆಚ್ಚು ಹೊತ್ತು ಸೂರ್ಯ ಕಾಣುವುದೂ ಇದೇ ಕಾರಣಕ್ಕೆ. ಹಾಗಾಗಿ ಕಪ್ಪಾಗುತ್ತಿರುವ ಆಕಾಶದಲ್ಲಿ ಬಿಸಿಲಿಗೆ ಮೈಯೊಡ್ಡಿದ ಬಿಳಿ ಬಲೂನ್ ದೀಪ ಹಚ್ಚಿದ ಹಾಗೆ ಹೊಳೆಯುತ್ತೆ. ಅದಕ್ಕೆ ಸ್ವಂತ ಬೆಳಕು ಇಲ್ಲ. ಸಂಜೆ ಆರು ಇಪ್ಪತ್ತರಿಂದ ಆರು ಮುಕ್ಕಾಲಿನ ನಡುವೆ, ಅಂದರೆ ಬಲೂನ್ ಅತಿ ಎತ್ತರದಲ್ಲಿ, ಅತಿ ದೊಡ್ಡದಾಗಿ ಇರುವ ಹೊತ್ತಿಗೇ ಈ ಆಟ ನಡೆಯುವುದು ಕಾಕತಾಳೀಯ. ಅಂಗಡಿ ಬೀದಿಯಲ್ಲಿ ಜನ ಜಾಸ್ತಿ ಇರುವುದೂ ಅದೇ ಹೊತ್ತಿಗೆ.

ಕೊನೆಗೆ ಎರಡರಲ್ಲಿ ಒಂದು ಆಗುತ್ತೆ. ಒಂದೋ ಬಲೂನಿಗೂ ಸೂರ್ಯ ಮುಳುಗಿ ಚುಕ್ಕಿ ಕೆಂಪಗಾಗಿ ಮಸುಕಾಗುತ್ತೆ. ಇಲ್ಲವೇ ಬಲೂನ್ ಒಡೆದು ಚುಕ್ಕಿ ತಟ್ಟನೆ ಇಲ್ಲವಾಗುತ್ತೆ. ‘ನೋಡ್ತಾ ನೋಡ್ತಾ ಮಾಯ ಆಯ್ತು’ ಎನ್ನುವವರು ಸುಳ್ಳು ಹೇಳ್ತಿದ್ದಾರೆ ಅಂತ ನಗುವ ಅಗತ್ಯ ಇಲ್ಲ. ಅವರು ಕಂಡದ್ದು ನಿಜ, ಹೆಸರು ಇಟ್ಟದ್ದು ಮಾತ್ರ ತಪ್ಪು.

‘ಹೋದದ್ದು ವಾಪಸ್ ಬಂತು’ ಅನ್ನುವವರಿಗೆ

ಹಾರುವ ತಟ್ಟೆಯ ವಾದ ಮಾಡುವವರ ದೊಡ್ಡ ಪ್ರಶ್ನೆ ಇದು. ಗಾಳಿಗೆ ತೇಲುವ ವಸ್ತು ಒಂದೇ ಕಡೆ ಹೋಗಬೇಕಲ್ಲ, ತಿರುಗಿ ಬಂದದ್ದು ಹೇಗೆ?

ನೆಲದಲ್ಲಿ ಬೀಸುವ ಗಾಳಿಯೇ ಮೇಲೂ ಬೀಸುತ್ತೆ ಅಂದುಕೊಳ್ಳುವುದರಿಂದ ಹುಟ್ಟುವ ಗೊಂದಲ ಇದು. ಆಕಾಶದಲ್ಲಿ ಗಾಳಿ ಪದರ ಪದರವಾಗಿರುತ್ತೆ. ಮಳೆಗಾಲದ ಉದಾಹರಣೆ ತೆಗೆದುಕೊಳ್ಳಿ. ಕೆಳಗೆ ಅರಬ್ಬಿ ಸಮುದ್ರದಿಂದ ಘಟ್ಟದ ಕಡೆ, ಪಡುವಣದಿಂದ ಮೂಡಣಕ್ಕೆ ಬಿರುಸಾದ ಗಾಳಿ. ಅದೇ ದಿನ 14–16 ಕಿ.ಮೀ. ಎತ್ತರದಲ್ಲಿ ಮೂಡಣದಿಂದ ಪಡುವಣಕ್ಕೆ, ಗಂಟೆಗೆ 100 ಕಿ.ಮೀ. ದಾಟುವ ಇನ್ನೊಂದು ಗಾಳಿ. ಪಣಂಬೂರಿನಿಂದ ಎದ್ದ ಬಲೂನ್ ಮೊದಲು ಘಟ್ಟದ ಕಡೆ ಬಂದು, ಮೇಲೇರಿದ ಮೇಲೆ ಸಮುದ್ರದ ಕಡೆ ತಿರುಗುತ್ತೆ. ಯಾರೂ ಸ್ಟೇರಿಂಗ್ ತಿರುಗಿಸಿಲ್ಲ, ಗಾಳಿ ಬದಲಾಯಿತು ಅಷ್ಟೇ. (ಜುಲೈನಲ್ಲಿ ಶೃಂಗೇರಿ ಸೀಮೆಯಲ್ಲಿ ಆಕಾಶ ಯಾರಿಗೆ ಕಾಣುತ್ತೆ ಅನ್ನುವುದು ಬೇರೆ ಮಾತು. ನೋಡಲು ಸಿಗುವುದು ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ.) ಉಳಿದ ಕಾಲದಲ್ಲೂ ಪದರಗಳ ದಿಕ್ಕು ಬೇರೆ ಬೇರೆ ಇರಬಹುದು.

ನಮ್ಮ ಕಣ್ಣೂ ಸ್ವಲ್ಪ ಮೋಸ ಮಾಡುತ್ತೆ. ಕತ್ತಲಲ್ಲಿ ಒಂದೇ ಚುಕ್ಕಿಯನ್ನು ದಿಟ್ಟಿಸಿ ನೋಡುತ್ತಾ ಇದ್ದರೆ, ಅಲ್ಲಾಡದ ಚುಕ್ಕಿಯೂ ಅತ್ತಿತ್ತ ಹೋದಂತೆ ಅನ್ನಿಸುತ್ತೆ. ಮೋಡ ಓಡುತ್ತಿದ್ದರೆ ಚುಕ್ಕಿಯೇ ಓಡಿದ ಹಾಗೆ ಕಾಣುತ್ತೆ. ಇದಕ್ಕೆ ಸುಲಭ ಮದ್ದು: ಕರೆಂಟ್ ಕಂಬದ ತುದಿಗೋ ಮನೆಯ ಸೂರಿಗೋ ಚುಕ್ಕಿಯನ್ನು ತಾಗಿಸಿ, ನಿಂತ ಜಾಗ ಬಿಡದೆ ಐದು ನಿಮಿಷ ನೋಡಿ.

ಇನ್ನು ಮೊಬೈಲ್ ವಿಡಿಯೊ. ಬಹಳ ಸಲ ‘ತಟ್ಟೆ’ ಇರುವುದು ಆಕಾಶದಲ್ಲಲ್ಲ, ವಿಡಿಯೊದಲ್ಲಿ. ದೂರದ ಚುಕ್ಕಿಗೆ ಜೂಮ್ ಮಾಡಿದಾಗ ಕ್ಯಾಮೆರಾಗೆ ಫೋಕಸ್ ಸಿಗದೆ ಹೋಗುತ್ತೆ. ಫೋಕಸ್ ತಪ್ಪಿದ ಬೆಳಕಿನ ಚುಕ್ಕಿ ಅಗಲವಾದ ದುಂಡು ಬಿಲ್ಲೆಯಾಗುತ್ತೆ, ಅಂಚಿನಲ್ಲಿ ಉಂಗುರ, ಕೆಲವೊಮ್ಮೆ ಬಣ್ಣ. ಹತ್ತಿರದ ಬೀದಿದೀಪಕ್ಕೆ ಬೇಕಂತಲೇ ಫೋಕಸ್ ಕೆಡಿಸಿ ವಿಡಿಯೊ ತೆಗೆದು ನೋಡಿ, ಅದೇ ತಟ್ಟೆ ಸಿಗುತ್ತೆ. 30 ಕಿ.ಮೀ. ಎತ್ತರದ ಆರೇಳು ಮೀಟರ್ ಬಲೂನ್ ಬರಿಗಣ್ಣಿಗೆ ಚುಕ್ಕಿಗಿಂತ ಹೆಚ್ಚೇನೂ ಕಾಣದು.

ಬಲೂನ್ ಅಲ್ಲದಿದ್ದರೆ?

ಎಷ್ಟು ಹೊತ್ತು ಕಂಡಿತು ಅನ್ನುವುದೇ ಮೊದಲ ಪ್ರಶ್ನೆ. ಐದಾರು ನಿಮಿಷದಲ್ಲಿ ಮಿನುಗದೆ ಆಕಾಶ ದಾಟಿತೆಂದರೆ ಉಪಗ್ರಹ ಅಥವಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ. ರೈಲಿನ ಬೋಗಿಗಳ ಹಾಗೆ ಸಾಲಾಗಿ ಚುಕ್ಕಿಗಳು ಹೋದರೆ ಸ್ಟಾರ್‌ಲಿಂಕ್. 2021ರ ಡಿಸೆಂಬರ್‌ನಲ್ಲಿ ಪಂಜಾಬ್‌ನ ಪಠಾಣ್‌ಕೋಟ್‌ನಲ್ಲಿ ಜನ ಬೆರಗಾಗಿ ನೋಡಿದ್ದು ಇದನ್ನೇ. ಕೆಂಪು, ಹಸಿರು ಮಿನುಗಿದರೆ ವಿಮಾನ. ನಾಳೆ ಸಂಜೆಯೂ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಇದ್ದರೆ ಅದು ಶುಕ್ರಗ್ರಹ, ಅದಕ್ಕೆ ಪೊಲೀಸರು ಬೇಡ. ಬೆಂಕಿ ಉಂಡೆಗಳು ತುಂಡು ತುಂಡಾಗಿ ಉರಿಯುತ್ತಾ ಆಕಾಶ ದಾಟಿದರೆ ಉಲ್ಕೆ ಅಥವಾ ಹಳೆಯ ರಾಕೆಟ್ ಭಾಗ. 2022ರ ಏಪ್ರಿಲ್ 2ರ ರಾತ್ರಿ ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯಲ್ಲಿ ಹಾಗೆ ಕಂಡು, ಲಾಡಬೋರಿ ಎಂಬ ಹಳ್ಳಿಯಲ್ಲಿ ದೊಡ್ಡ ಲೋಹದ ಬಳೆಯೇ ಬಿದ್ದಿತ್ತು.

ಬಲೂನ್ ಮಾತ್ರ ಅವಸರ ಮಾಡುವುದಿಲ್ಲ. ಅರ್ಧ ಗಂಟೆ, ಮುಕ್ಕಾಲು ಗಂಟೆ ಅಲ್ಲೇ ತೂಗಾಡುತ್ತೆ.

ನೋಡುವ ಜಾಗವೂ ಲೆಕ್ಕಕ್ಕೆ ಬರುತ್ತೆ. ಗುಡ್ಡಗಳ ನಡುವಿನ ಶೃಂಗೇರಿ, ಕೊಪ್ಪದಲ್ಲಿ ಕಾಣುವ ಆಕಾಶ ಸ್ವಲ್ಪ. ಎನ್.ಆರ್.ಪುರದ ಭದ್ರಾ ಹಿನ್ನೀರಿನ ದಂಡೆಯಲ್ಲಿ ಕಣ್ಣು ಹಾಯಿಸಿದಷ್ಟು ಬಯಲು. ಒಂದೇ ಚುಕ್ಕಿ ಒಂದು ಊರಿನವರಿಗೆ ಹತ್ತು ನಿಮಿಷ, ಇನ್ನೊಂದು ಊರಿನವರಿಗೆ ಅರ್ಧ ಗಂಟೆ ಕಂಡಿದ್ದರೆ ಅದರಲ್ಲಿ ರಹಸ್ಯ ಏನಿಲ್ಲ.

ಬೀದರ್‌ನ ಜಲಸಂಗಿಯಲ್ಲಿ ಆದದ್ದು

ಹವಾಮಾನ ಬಲೂನಿಗಿಂತ ಬಹಳ ದೊಡ್ಡ ಬಲೂನುಗಳೂ ಇವೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದರೆ ಟಿಐಎಫ್‌ಆರ್, ಹೈದರಾಬಾದ್‌ನಲ್ಲಿ ಬಲೂನ್ ಕೇಂದ್ರ ನಡೆಸುತ್ತೆ. ಇಲ್ಲಿನವು ರಬ್ಬರಿನವಲ್ಲ, ತೆಳು ಪಾಲಿಥೀನ್ ಹಾಳೆಯವು. ಉಬ್ಬಿದಾಗ 50ರಿಂದ 85 ಮೀಟರ್ ಅಗಲ, ಏರುವ ಎತ್ತರ 30ರಿಂದ 42 ಕಿ.ಮೀ. ಕೆಳಗೆ ಖಗೋಳ ಮತ್ತು ವಾಯುಮಂಡಲ ಸಂಶೋಧನೆಯ ಉಪಕರಣ ಕಟ್ಟಿರುತ್ತಾರೆ. 2005ರ ಏಪ್ರಿಲ್‌ನಲ್ಲಿ ಹೀಗೆ ಹಾರಿಸಿದ ಬಲೂನ್ ತಂದ ಗಾಳಿಯ ಮಾದರಿಯಲ್ಲಿ ಮೂರು ಹೊಸ ಬ್ಯಾಕ್ಟೀರಿಯಾ ಸಿಕ್ಕಿದ್ದನ್ನು ಇಸ್ರೊ 2009ರಲ್ಲಿ ಪ್ರಕಟಿಸಿತು. ಅದರಲ್ಲಿ ಒಂದಕ್ಕೆ ಆರ್ಯಭಟನ ಹೆಸರು, ಇನ್ನೊಂದಕ್ಕೆ ಇಸ್ರೊದ್ದೇ ಹೆಸರು ಇಟ್ಟಿದ್ದಾರೆ. ಕರ್ನಾಟಕಕ್ಕೆ ಈ ಕೆಲಸ ಹೊಸದಲ್ಲ. 1939–40ರ ಹೊತ್ತಿಗೇ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ಮಿಲಿಕನ್ ಅವರ ತಂಡ ವಿಶ್ವಕಿರಣ ಅಳೆಯಲು ಬೆಂಗಳೂರಿನಿಂದ ಬಲೂನ್ ಹಾರಿಸಿತ್ತು. ಈಗ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯೂ ಸಣ್ಣ ಬಲೂನುಗಳನ್ನು ಹಾರಿಸುವುದುಂಟು.

2025ರ ಜನವರಿಯಲ್ಲಿ ಬೀದರ್ ಜಿಲ್ಲೆ ಹುಮನಾಬಾದ್ ತಾಲ್ಲೂಕಿನ ಜಲಸಂಗಿ ಗ್ರಾಮದಲ್ಲಿ ಬೆಳ್ಳಂಬೆಳಿಗ್ಗೆ ಮನೆಯೊಂದರ ಮೇಲೆ ದೈತ್ಯ ಬಲೂನ್ ಬಂದು ಬಿತ್ತು. ಜತೆಗೆ ಯಂತ್ರ ಬೇರೆ. ಊರಿಗೆ ಊರೇ ಗಾಬರಿ. ನೋಡಿದರೆ ಅದು ಹೈದರಾಬಾದ್‌ನಿಂದ ಹಾರಿಸಿದ ಟಿಐಎಫ್‌ಆರ್ ಬಲೂನ್. ಕನ್ನಡದಲ್ಲಿ ಬರೆದ ಪತ್ರವೂ ಜತೆಗಿತ್ತು. ಬೀದರ್, ಕಲಬುರಗಿ ಕಡೆಯವರಿಗೆ ಇದು ಪೂರ್ತಿ ಹೊಸದೇನಲ್ಲ. ಬಲೂನ್ ಹಾರಿಸುವ ಕಾಲದಲ್ಲಿ ಆ ಭಾಗದ ಪತ್ರಿಕೆಗಳಲ್ಲಿ ಮುನ್ಸೂಚನೆ ಬರುತ್ತೆ.

ಆ ದೈತ್ಯ ಬಲೂನ್ ಮಲೆನಾಡಿಗೆ ಬರುತ್ತಾ? ಬರುವ ಸಂಭವ ಬಹಳ ಕಡಿಮೆ. ಅವು ಇಳಿಯುವುದು ಸಾಮಾನ್ಯವಾಗಿ ಹೈದರಾಬಾದ್‌ನಿಂದ 200–350 ಕಿ.ಮೀ. ಒಳಗೆ. ಕೊಪ್ಪ ಅಲ್ಲಿಂದ 550 ಕಿ.ಮೀ.ಗಿಂತ ದೂರ. ನಮ್ಮ ತೋಟಕ್ಕೆ ಬೀಳುವುದೇನಿದ್ದರೂ ಹರಿದ ರಬ್ಬರ್ ಚೂರು, ಪುಟ್ಟ ಪ್ಯಾರಾಚೂಟ್, ದಾರ, ಅದರ ತುದಿಗೆ ಒಂದು ಹಗುರ ಬಿಳಿ ಡಬ್ಬಿ.

ಗಾಬರಿ ಬೀಳುವುದು ಹಳ್ಳಿಯವರು ಮಾತ್ರ ಅಂತ ಪೇಟೆಯವರು ನಗಬೇಕಿಲ್ಲ. 1947ರಲ್ಲಿ ಅಮೆರಿಕದ ರಾಸ್‌ವೆಲ್ ಬಳಿ ಬಿದ್ದ ಅವಶೇಷ ಇವತ್ತಿಗೂ ಹಾರುವ ತಟ್ಟೆ ಅಂತ ಮಾರಾಟ ಆಗ್ತಿದೆ. ಅದು ರಷ್ಯಾದ ಅಣುಪರೀಕ್ಷೆಯ ಸದ್ದು ಹಿಡಿಯಲು ಹಾರಿಸಿದ ರಹಸ್ಯ ಬಲೂನ್ ಸಾಲಿನದ್ದು ಎಂದು ಅಲ್ಲಿನ ವಾಯುಪಡೆಯೇ 1994ರಲ್ಲಿ ವರದಿ ಕೊಟ್ಟಿದೆ. 2023ರ ನವೆಂಬರ್ 19ರಂದು ಇಂಫಾಲ ವಿಮಾನ ನಿಲ್ದಾಣದ ಬಳಿ ಏನೋ ಹಾರುತ್ತಿದೆ ಅಂತ ಕೆಲ ಗಂಟೆ ವಿಮಾನ ಸಂಚಾರವೇ ನಿಂತಿತ್ತು. ರಫೇಲ್ ಯುದ್ಧವಿಮಾನ ಹೋಗಿ ಹುಡುಕಿದರೂ ಏನೂ ಸಿಗಲಿಲ್ಲ. ಹಾಗಂತ ಬಲೂನ್ ಎಂದಾಕ್ಷಣ ನಿರುಪದ್ರವಿ ಅಂತಲೂ ಅಲ್ಲ. ಅದೇ ವರ್ಷ ಫೆಬ್ರುವರಿ 4ರಂದು ಅಮೆರಿಕ ಹೊಡೆದುರುಳಿಸಿದ ಚೀನಾದ ಬಲೂನ್ ಗೂಢಚಾರಿಕೆಯದ್ದು ಅನ್ನುವುದು ಅಮೆರಿಕದ ಆರೋಪ, ಹವಾಮಾನದ್ದು ಅನ್ನುವುದು ಚೀನಾದ ವಾದ. ಆದ್ದರಿಂದ ಬಿದ್ದದ್ದು ಯಾರದ್ದು ಅಂತ ತೀರ್ಮಾನಿಸುವ ಕೆಲಸ ಪೊಲೀಸರಿಗೆ ಬಿಡುವುದೇ ಸರಿ.

ತೋಟದಲ್ಲಿ ಬಿದ್ದರೆ

ಅಪಾಯ ಇರುವುದು ಹೈಡ್ರೋಜನ್ ಅನಿಲದಲ್ಲಿ. ಒಡೆದು ಚೂರಾದ ಬಲೂನಿನಲ್ಲಿ ಅನಿಲ ಉಳಿದಿರುವುದಿಲ್ಲ. ಆದರೆ ಒಡೆಯದೆ ಉಬ್ಬಿಕೊಂಡೇ ಇಳಿದ ಯಾವುದೇ ದೊಡ್ಡ ಬಲೂನಿನಲ್ಲಿ ಅನಿಲ ಇದೆ ಅಂತಲೇ ತಿಳಿಯಬೇಕು. ಒಂದು ಬೀಡಿಯ ಕಿಡಿ ಸಾಕು. ಮಲೆನಾಡಿನಲ್ಲಿ ಇದು ಬರೀ ಮಾತಲ್ಲ. ಆಕಾಶ ತಿಳಿಯಾಗಿರುವ ತಿಂಗಳುಗಳಲ್ಲೇ ಅಡಿಕೆ ಕೊಯ್ಲು, ಮನೆ ಮನೆ ಅಂಗಳದಲ್ಲಿ ಅಡಿಕೆ ಬೇಯಿಸುವ ಹಂಡೆಯ ಒಲೆ ಉರಿಯುತ್ತಿರುತ್ತೆ. ಸಿಕ್ಕಿದ ಬಲೂನನ್ನು ಎಲ್ಲರಿಗೂ ತೋರಿಸಲು ಅಂಗಳಕ್ಕೆ ಎಳೆದು ತರುವುದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ. ಬಿದ್ದಲ್ಲೇ ಬಿಟ್ಟು, ಮಕ್ಕಳನ್ನು ದೂರ ಇಟ್ಟು 112ಕ್ಕೆ ಅಥವಾ ಹತ್ತಿರದ ಠಾಣೆಗೆ ಹೇಳಬೇಕು.

ದಾರ ಕರೆಂಟ್ ತಂತಿಗೆ ಸಿಕ್ಕಿಕೊಂಡಿದ್ದರೆ ಅಡಿಕೆ ಕೊಯ್ಯುವ ದೋಟಿ ತೆಗೆದುಕೊಂಡು ಎಳೆಯಲು ಹೋಗಬಾರದು. ಮೆಸ್ಕಾಂಗೆ, 1912ಕ್ಕೆ ಕರೆ ಮಾಡಿ ಲೈನ್‌ಮ್ಯಾನ್ ಬರುವವರೆಗೆ ಕಾಯಬೇಕು. ಹುಟ್ಟುಹಬ್ಬದ ಮಿರಿಮಿರಿ ಬಲೂನ್ ಇದಕ್ಕಿಂತ ಕೆಟ್ಟದ್ದು. ಅದರ ಮೈಗೆ ಲೋಹದ ಲೇಪ ಇರುವುದರಿಂದ ವಿದ್ಯುತ್ ಹರಿಯುತ್ತೆ. ರಬ್ಬರ್ ಚೂರನ್ನು ದನ ಮೇಯುವ ಜಾಗದಿಂದ ಹೆಕ್ಕಿ ಹಾಕುವುದು ಒಳ್ಳೆಯದು.

ಬಿಳಿ ಡಬ್ಬಿಯಿಂದ ಅಪಾಯ ಇಲ್ಲ. ಅದು ಒಮ್ಮೆ ಮಾತ್ರ ಬಳಸುವ ಉಪಕರಣ, ಒಳಗೆ ಬ್ಯಾಟರಿ ಮತ್ತು ಸಣ್ಣ ಸರ್ಕ್ಯೂಟ್ ಇರುತ್ತೆ. ಆದರೂ ಯಾರದ್ದು ಅಂತ ಗೊತ್ತಾಗುವವರೆಗೆ ಬಿಚ್ಚದಿರುವುದು ವಾಸಿ. ಟಿಐಎಫ್‌ಆರ್ ಉಪಕರಣಗಳ ಕಥೆ ಬೇರೆ: ಕೆಲವದರಲ್ಲಿ ಹೆಚ್ಚು ವೋಲ್ಟೇಜ್ ಇರುತ್ತೆ, ತೆರೆಯಬಾರದು ಅಂತ ಆ ಸಂಸ್ಥೆಯೇ ಎಚ್ಚರಿಸುತ್ತೆ.

ಅಂಗಡಿಯವರಿಗೆ ಸಂಬಂಧಿಸಿದ್ದು

ಆಕಾಶದ ಬೆಳಕುಗಳಲ್ಲಿ ಒಂದಷ್ಟು ನಮ್ಮದೇ ಪೇಟೆಯಿಂದ ಹೊರಟವು. ದೀಪಾವಳಿ, ಹೊಸವರ್ಷಕ್ಕೆ ಮಾರುವ ಕಾಗದದ ಆಕಾಶಬುಟ್ಟಿ, ಅಂದರೆ ಒಳಗೆ ಬತ್ತಿ ಉರಿಸಿ ಹಾರಿಬಿಡುವ ತರಹದ್ದು, ಕೆಂಪಗೆ ಮಿನುಗುತ್ತಾ ಸದ್ದಿಲ್ಲದೆ ಸಾಲಾಗಿ ಹೋಗುತ್ತೆ. ದೂರದಿಂದ ನೋಡಿದವರಿಗೆ ಪಕ್ಕಾ ಹಾರುವ ತಟ್ಟೆ. ಮನೆ ಮುಂದೆ ತೂಗುಹಾಕುವ ಗೂಡುದೀಪ ಬೇರೆ, ಇದು ಬೇರೆ. ಇದು ಉರಿಯುತ್ತಲೇ ಎಲ್ಲಿ ಇಳಿಯುತ್ತೆ ಅನ್ನುವುದು ಹಚ್ಚಿದವರ ಕೈಯಲ್ಲಿ ಇಲ್ಲ. ಒಂದು ಕಡೆ ಭದ್ರಾ ಹುಲಿ ಸಂರಕ್ಷಿತ ಪ್ರದೇಶ, ಇನ್ನೊಂದು ಕಡೆ ಕುದುರೆಮುಖ ರಾಷ್ಟ್ರೀಯ ಉದ್ಯಾನ, ನಡುವೆ ಒಣಗಿದ ದರಗು, ಸೋಗೆ ರಾಶಿ. ಮೀಸಲು ಅರಣ್ಯಕ್ಕೆ ಬೆಂಕಿ ಬೀಳುವಂತೆ ಮಾಡುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಫೆಬ್ರುವರಿಯಿಂದ ಮಳೆ ಬೀಳುವವರೆಗೆ ಇದನ್ನು ಮಾರದಿದ್ದರೆ ಅಂಗಡಿಗೆ ಆಗುವ ನಷ್ಟ ಅಲ್ಪ.

ಜಾತ್ರೆ, ಉದ್ಘಾಟನೆ, ಮೆರವಣಿಗೆಗೆ ಗ್ಯಾಸ್ ಬಲೂನ್ ತರಿಸುವವರು ಒಂದು ಪ್ರಶ್ನೆ ಕೇಳಲೇಬೇಕು: ಹೀಲಿಯಮ್ಮೋ, ಹೈಡ್ರೋಜನ್ನೋ? ಹೀಲಿಯಂ ದುಬಾರಿ, ಉರಿಯುವುದಿಲ್ಲ. ಹೈಡ್ರೋಜನ್ ಅಗ್ಗ, ಉರಿಯುತ್ತೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ತರ. 2012ರ ಮೇನಲ್ಲಿ ಅರ್ಮೇನಿಯಾದ ಯೆರೆವಾನ್‌ನಲ್ಲಿ ಚುನಾವಣಾ ಸಭೆಯ ಬಲೂನ್ ಗೊಂಚಲಿಗೆ ಬೆಂಕಿ ತಗುಲಿ ನೂರಕ್ಕೂ ಹೆಚ್ಚು ಜನ ಗಾಯಗೊಂಡರು. 2020ರ ಸೆಪ್ಟೆಂಬರ್‌ನಲ್ಲಿ ಚೆನ್ನೈನ ಸಮಾರಂಭವೊಂದರಲ್ಲೂ ಪಟಾಕಿಯ ಕಿಡಿ ಬಲೂನಿಗೆ ತಾಗಿ ಹಾಗೇ ಆಯಿತು. ಪಟಾಕಿ ಹಚ್ಚುವ ಕಾರ್ಯಕ್ರಮಕ್ಕೆ ಗ್ಯಾಸ್ ಬಲೂನ್ ತರಿಸದಿರುವುದೇ ಕ್ಷೇಮ.

ಏನಾದರೂ ಕಂಡಾಗ ಗ್ರೂಪಿಗೆ ಹಾಕುವ ಮೊದಲು ಕಂಡ ಸಮಯ, ದಿಕ್ಕು, ಎಷ್ಟು ಹೊತ್ತು ಇತ್ತು, ಹೇಗೆ ಮರೆಯಾಯಿತು ಎಂಬ ನಾಲ್ಕು ಸಾಲು ಬರೆದಿಟ್ಟುಕೊಂಡರೆ ಠಾಣೆಗೂ ವಿಜ್ಞಾನದ ಮೇಷ್ಟ್ರಿಗೂ ಹೇಳಲು ಅನುಕೂಲ. ಇನ್ನೊಂದು ವಿಷಯ, ಬಯಲುಸೀಮೆಯಲ್ಲಿ ನೆಂಟರಿರುವವರು ಅವರಿಗೂ ತಿಳಿಸಬಹುದು: ಟಿಐಎಫ್‌ಆರ್ ಉಪಕರಣ ಸಿಕ್ಕಿ, ಅದನ್ನು ಮುಟ್ಟದೆ ಪೊಲೀಸ್ ಠಾಣೆಗೋ ಅಂಚೆ ಕಚೇರಿಗೋ ತಿಳಿಸಿದವರಿಗೆ ಸಂಸ್ಥೆ ಬಹುಮಾನ ಕೊಡುತ್ತೆ, ಸುದ್ದಿ ಮುಟ್ಟಿಸಲು ಆದ ಖರ್ಚನ್ನೂ ಕೊಡುತ್ತೆ. ಬಿಚ್ಚಿ ನೋಡಿದವರಿಗೆ ಬಹುಮಾನ ಇಲ್ಲ.